ವಂದನಾರ್ಪಣೆ ತಡೆದ ಬುಧವಾರ

ಬೆಳಗಿನ ರೊಟ್ಟಿ ಬಡಿಯುತ್ತಿದ್ದೆ. ಎರಡೂ ಕೈಗೆ ಜೋಳದ ಹಿಟ್ಟು ಮೆತ್ತಿತ್ತು, ಹಂಚು ಕಾದಿತ್ತು. ಆಗ ರಾಣೇಬೆನ್ನೂರಿನಿಂದ ನನ್ನ ನೆಗೆಣ್ಣಿಯ, ಅಂದರೆ ಮೈದುನನ ಹೆಂಡತಿಯ ಫೋನು ಬಂತು. ಕಿರುಬೆರಳಿನಿಂದ ಒತ್ತಿ ಸ್ಪೀಕರಿಗೆ ಹಾಕಿದೆ. ನಮ್ಮ ಮನೆಯವರು ಅಲ್ಲೇ ಮಣೆಯ ಮೇಲೆ ಕುಳಿತು ಊಟ ಮಾಡುತ್ತಿದ್ದರು.

"ಅಕ್ಕಾ, ಆಚಿ ಸೋಮವಾರ ಚೀಲ ತಗಸೂದು ಗಟ್ಟಿ ಆತ್ರಿ," ಎಂದಳು.

ನನ್ನ ಮೈದುನನಿಗೆ ರಾಣೇಬೆನ್ನೂರಿನಲ್ಲಿ ಬೀಜದ ಅಂಗಡಿ ಇದೆ. ಅದರ ಜೊತೆಗೆ ಪ್ರತಿ ವರ್ಷ ಒಂದಷ್ಟು ಮೆಣಸಿನಕಾಯಿ ಚೀಲಗಳನ್ನು ನಮ್ಮ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು, ಧಾರಣೆ ಏರಿದಾಗ ತೆಗೆಸಿ ಮಾರುತ್ತಾನೆ. ನಮ್ಮ ಊರಿನಲ್ಲಿ ಚೀಲ ತೆಗೆಸುವುದು ಎಂದರೆ ಇದೇ. ನಮ್ಮ ಮನೆಯವರದು ಪೇಟೆಯಲ್ಲಿ ದಲಾಲಿ ಅಂಗಡಿ. ಚೀಲ ಎಂಬ ಮಾತು ಕಿವಿಗೆ ಬಿದ್ದರೆ ನಿದ್ದೆಯಲ್ಲೂ ಉತ್ತರ ಕೊಡುತ್ತಾರೆ. ನಾನು ಬಾಯಿ ತೆರೆಯುವುದರೊಳಗೆ ತುತ್ತು ಕೈಯಲ್ಲಿ ಹಿಡಿದುಕೊಂಡೇ ಅವರು ಹೇಳಿಬಿಟ್ಟರು:

"ಈಗ್ಯಾಕ ತಗಸ್ತೀರಿ? ರೇಟ್ ಬಿದ್ದೈತಿ. ದೀಪಾವಳಿ ಮಟ ಅಲ್ಲೇ ತಣ್ಣಗ ಇರ್ಲಿ ಬಿಡವಾ."

ಆ ಕಡೆಯಿಂದ ಫೋನು ಕಟ್ಟಾಯಿತು. ಹಂಚಿನ ಮೇಲಿನ ರೊಟ್ಟಿ ಹೊತ್ತಿತು.

"ಅಲ್ಲೇನ್ ನೆಟ್‌ವರ್ಕ್ ಇಲ್ಲೇನೋ," ಎಂದು ಅವರು ಕೈ ತೊಳೆದುಕೊಂಡು ಅಂಗಡಿಗೆ ಹೋದರು. ನಾನು ಹಿಟ್ಟಿನ ಕೈ ತೊಳೆದು ತಿರುಗಿ ಫೋನು ಮಾಡಿದೆ.

"ಭಾವಾರ ಅಲ್ಲೇ ಕುಂತಾರಂತ ಮೊದಲ ಹೇಳಬಾರದೇನ್ರಿ ಅಕ್ಕಾ? ನನ್ನ ಮಾನಾ ಹೋತು. ಮೆಣಸಿನಕಾಯಿ ಚೀಲ ಅಲ್ರಿ ಅದು. ನಂದು. ನನ್ನ ಚೀಲ."

ಗರ್ಭಚೀಲ. ಅದನ್ನು ಹೇಳಿ ಅವಳು ನಕ್ಕಳು. ನಗುತ್ತಿದ್ದವಳ ದನಿ ನಡುವೆ ಎಲ್ಲಿ ಅಳುವಿಗೆ ತಿರುಗಿತೋ ನನಗೆ ತಿಳಿಯಲಿಲ್ಲ.

ಒಂದು ವರ್ಷದಿಂದ ಅವಳಿಗೆ ಮುಟ್ಟಿನ ದಿನಗಳಲ್ಲಿ ವಿಪರೀತ ರಕ್ತಸ್ರಾವ ಆಗುತ್ತಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ ಎನ್ನುತ್ತಿದ್ದಳು. ಇನ್ನೂ ನಲವತ್ತು ತುಂಬದವಳು. ಮೈದುನ ಒಂದು ಆಸ್ಪತ್ರೆಗೆ ಕರೆದೊಯ್ದು ತೋರಿಸಿದ್ದಾನೆ. ಅಲ್ಲಿ ತೆಗೆಸಿಬಿಡಿ ಎಂದಿದ್ದಾರೆ. ಹಿಂಗಾರಿ ಬಿತ್ತನೆಯ ಗಿರಾಕಿ ಶುರುವಾಗುವ ಮುಂಚೆ ಆಗಿಹೋಗಲಿ ಎಂದು ಇವನು ದಿನ ಗೊತ್ತು ಮಾಡಿದ್ದಾನೆ.

"ಬ್ಯಾರೆ ಡಾಕ್ಟರಿಗೆ ಒಮ್ಮಿ ತೋರಸೂನಲ್ಲವಾ? ಹಾವೇರ್ಯಾಗ ಒಬ್ರು ಒಳ್ಳೇ ಡಾಕ್ಟರ್ ಬಾಯಾರ ಅದಾರ," ಎಂದೆ.

"ಇದಕ್ಕೂ ಇಬ್ಬರಿಗೆ ತೋರಸ್ತಾರೇನ್ರಿ? ಮತ್ತೊಬ್ಬರ ಮುಂದ ಕುಂತು ಅದನ್ನೆಲ್ಲ ಹೇಳಾಕ ನನ್ನ ಕಡೆ ಆಗಂಗಿಲ್ಲ. ನನಗೂ ಸಾಕಾಗೇತ್ರಿ ಅಕ್ಕಾ. ಎರಡ ಮಕ್ಕಳಾದುವು, ಇನ್ನ ಖಾಲಿ ಚೀಲ ಇಟ್ಕೊಂಡು ಏನ್ ಮಾಡೂದೈತಿ ಅಂದ್ರು ಇವರು. ಖರೇ ಅಲ್ಲೇನ್ರಿ?"

ಖರೆಯೋ ಅಲ್ಲವೋ ನನಗೇನು ಗೊತ್ತು? ನಾನು ಓದಿದವಳಲ್ಲ. ಆದರೆ ನಮ್ಮ ಓಣಿಯಲ್ಲಿ ಚೀಲ ತೆಗೆಸಿಕೊಂಡವರು ಮನೆಗೊಬ್ಬರು ಇದ್ದಾರೆ. ಕೆಲವರು ಆರಾಮಾಗಿದ್ದಾರೆ. ಕೆಲವರು ತೆಗೆಸಿದ ಮೇಲೆ ಸೊಂಟ ಹಿಡಿದುಕೊಂಡೇ ಓಡಾಡುತ್ತಾರೆ. ಯಾರಿಗೆ ಯಾಕೆ ತೆಗೆದರು ಎಂದು ಕೇಳಿದರೆ ಒಬ್ಬರಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಅದು ನನ್ನ ಮನಸ್ಸಿಗೆ ಮುಳ್ಳಿನಂತೆ ಚುಚ್ಚಿತು. ಅಂದು ಪೂಜೆಗೆ ಕುಳಿತಾಗ ಅಂಗೈಯ ಲಿಂಗದ ಮುಂದೆ ಒಂದೇ ಮಾತು ಕೇಳಿಕೊಂಡೆ: ಅವಳು ತಿಳಿದವರೊಬ್ಬರನ್ನು ಒಂದು ಮಾತು ಕೇಳುವ ಹಾಗೆ ಮಾಡು, ಆಮೇಲೆ ನಿನ್ನ ಇಚ್ಛೆ.

ಮಧ್ಯಾಹ್ನ ನಮ್ಮ ಸಂಘದ ಅಧ್ಯಕ್ಷರ ಫೋನು ಬಂತು. ಬರುವ ಬುಧವಾರದ ಸಭೆಗೆ ಪಾಲಕರ ಕರ್ತವ್ಯದ ಬಗ್ಗೆ ಮಾತಾಡಬೇಕಿದ್ದ ನಿವೃತ್ತ ಹೆಡ್‌ಮಾಸ್ತರರಿಗೆ ಜ್ವರವಂತೆ, ಬರುವುದಿಲ್ಲವಂತೆ, ಬೇರೆ ಅತಿಥಿಯನ್ನು ಹುಡುಕಬೇಕಂತೆ. ಒಬ್ಬರಿಗೆ ಜ್ವರ ಬಂದದ್ದಕ್ಕೆ ಸಂತೋಷಪಟ್ಟೆ ಎಂದರೆ ತಪ್ಪಾಗುತ್ತದೆ. ಪಟ್ಟದ್ದು ನಿಜ. ಅವರು ಬೇಗ ಗುಣವಾಗಲಿ ಎಂದೂ ಆ ಕ್ಷಣವೇ ಬೇಡಿಕೊಂಡೆ.

ನಮ್ಮದು ಮಹಿಳೆಯರ ಸೇವಾ ಸಂಘ. ಪ್ರತಿ ಬುಧವಾರ ಸಂಜೆ ಸೇರುತ್ತೇವೆ. ಸೋಮವಾರ, ಗುರುವಾರ ಮೆಣಸಿನಕಾಯಿ ಪೇಟೆ. ಆ ದಿನ ಯಾರ ಮನೆಗೆ ಎಷ್ಟು ಮಂದಿ ಊಟಕ್ಕೆ ಬರುತ್ತಾರೋ ಹೇಳಲಾಗದು, ಅದಕ್ಕೇ ನಡುವಿನ ಬುಧವಾರ. ಗಂಡಸರ ಸಂಘದ್ದೊಂದು ಕಟ್ಟಡವಿದೆ. ಅದರ ಮೇಲಿನ ಅಂತಸ್ತಿನ ಸಭಾಭವನವನ್ನು ಅಂದು ನಮಗೆ ಬಿಟ್ಟುಕೊಡುತ್ತಾರೆ. ಸಭೆಗೆ ಒಂದು ಕ್ರಮವಿದೆ. ಅಧ್ಯಕ್ಷರು ಮೇಜಿನ ಮೇಲಿನ ಗಂಟೆ ಬಾರಿಸಿದರೆ ಶುರು. ಪ್ರಾರ್ಥನೆ, ಸ್ವಾಗತ, ಅತಿಥಿಯ ಪರಿಚಯ, ಉಪನ್ಯಾಸ, ಶಾಲು ಹೊದಿಸುವುದು, ಅಧ್ಯಕ್ಷರ ಮಾತು, ಕೊನೆಗೆ ವಂದನಾರ್ಪಣೆ. ವಂದನಾರ್ಪಣೆ ಆಗದೆ ಮುಕ್ತಾಯದ ಗಂಟೆ ಬಾರಿಸುವಂತಿಲ್ಲ. ಗಂಟೆ ಬಾರಿಸದೆ ಯಾರೂ ಏಳುವಂತಿಲ್ಲ. ಅಧ್ಯಕ್ಷರು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು.

ಅತಿಥಿಗಳನ್ನು ಗೊತ್ತು ಮಾಡುವ ಕೆಲಸ ನನ್ನದು. ಕರೆದು ತಂದವಳು ನಾನಾದ್ದರಿಂದ ವಂದನಾರ್ಪಣೆಯೂ ನನ್ನ ತಲೆಗೇ ಬಂದಿದೆ. ಈ ಕೆಲಸ ನೋಡುವವರಿಗೆ ಸಣ್ಣದು. ಅಮಾವಾಸ್ಯೆ ನೋಡಬೇಕು, ಊರಲ್ಲಿ ಮದುವೆ ಇದೆಯೋ ನೋಡಬೇಕು. ಹಿಂದಿನ ರಾತ್ರಿ ಒಮ್ಮೆ, ಆ ದಿನ ಬೆಳಿಗ್ಗೆ ಒಮ್ಮೆ ನೆನಪು ಮಾಡಬೇಕು. ಅವರ ಪರಿಚಯವನ್ನು ಅರ್ಧ ಪುಟದಲ್ಲಿ ಬರೆಸಿಕೊಳ್ಳಬೇಕು. ಇಲ್ಲದಿದ್ದರೆ ಪರಿಚಯವೇ ಉಪನ್ಯಾಸಕ್ಕಿಂತ ಉದ್ದವಾಗುತ್ತದೆ. ಸಕ್ಕರೆ ಕಾಯಿಲೆ ಇದೆಯೇ ಎಂದು ಚಹಾದ ನೆಪದಲ್ಲಿ ಕೇಳಿಟ್ಟುಕೊಳ್ಳಬೇಕು. ಅಗ್ನಿಶಾಮಕ ಠಾಣೆಯವರು ಬಂದು ಅಂಗಳದಲ್ಲಿ ಸಿಲಿಂಡರಿಗೆ ಬೆಂಕಿ ಹಚ್ಚಿ, ಒದ್ದೆ ಗೋಣಿ ಹೊದಿಸಿ ಆರಿಸಿ ತೋರಿಸಿದಾಗ ನಮ್ಮವರು ಅವರನ್ನು ಬಿಡದೆ ಪ್ರಶ್ನೆ ಕೇಳಿದ್ದರು. ಕೃಷ್ಣಮೃಗಗಳ ಬಗ್ಗೆ ಹೇಳಿದ ಅರಣ್ಯ ಅಧಿಕಾರಿಯನ್ನೂ ಕೇಳಿದ್ದರು. ಆದರೆ ಆರೋಗ್ಯದ ಬಗ್ಗೆ ಯಾರೇ ಬಂದು ಮಾತಾಡಲಿ, ಪ್ರಶ್ನೆ ಇದ್ದರೆ ಕೇಳಿ ಎಂದಾಗ ಎಲ್ಲರೂ ಬಳೆ ನೋಡಿಕೊಳ್ಳುತ್ತ ಕೂಡುತ್ತಾರೆ.

ಸೋಮವಾರ ಪೇಟೆಯ ದಿನವಾದರೂ ಬೆಳಗಿನ ಬಸ್ಸಿಗೆ ಹಾವೇರಿಗೆ ಹೋದೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿತು, ಶಿವನ ದಯೆ. ಹೆಂಗಸರ ಡಾಕ್ಟರು ಮೈಸೂರು ಕಡೆಯವರು, ಇಲ್ಲಿಗೆ ಬಂದು ಬಹಳ ವರ್ಷಗಳಾಗಿವೆ. ಚೀಟಿ ತೆಗೆಸಿ ರೋಗಿಗಳ ಸಾಲಿನಲ್ಲೇ ಕುಳಿತೆ. ನನ್ನ ಪಾಳಿ ಬಂದಾಗ "ಏನಮ್ಮಾ ತೊಂದರೆ?" ಎಂದರು.

"ತೊಂದರಿ ನನಗಲ್ರಿ ಬಾಯಾರ. ಬುಧವಾರ ನಮ್ಮ ಸಂಘಕ್ಕ ಬಂದು ನಾಕ ಮಾತು ಹೇಳಬೇಕ್ರಿ."

"ಈ ಬುಧವಾರ? ನಾಡಿದ್ದಾ? ಇಷ್ಟು ತಡವಾಗಿ ಹೇಳಿದ್ರೆ ಹೇಗಮ್ಮಾ?"

ನಾನು ಹಿಂದೆ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ತಿರುಗಿ ನೋಡಿ, ನೆಗೆಣ್ಣಿಯ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು. "ಬೇರೆಯವರು ನೋಡಿರೋ ಕೇಸು. ರಿಪೋರ್ಟು ನೋಡದೆ ಏನೂ ಹೇಳಲ್ಲ. ಅವರು ಸರಿಯಾಗೇ ಹೇಳಿರಬಹುದು," ಎಂದರು. ಮೇಜಿನ ಮೇಲಿನ ಡೈರಿ ತಿರುವಿ, "ಸಭೆಗೆ ಬರ್ತೀನಿ. ಬಂದವರು ಕೇಳಲಿ. ಕೇಳಿದರೆ ಮಾತ್ರ ನಾನು ಹೇಳಬಹುದು," ಎಂದರು.

ಅಷ್ಟೇ ಸಾಕಿತ್ತು ನನಗೆ. ನೆಗೆಣ್ಣಿಗೆ ಫೋನು ಮಾಡಿ, ನಮ್ಮ ಸಭೆಗೆ ಬಾ, ಎಲ್ಲರ ನಡುವೆ ಕೂತು ಕೇಳಿ ಹೋಗು, ಬಾಯಿ ತೆರೆಯಬೇಕಂತಿಲ್ಲ ಎಂದೆ. ದಸರೆಗೆ ಸೀರೆ ಕೊಳ್ಳುವ ನೆಪವೂ ಇತ್ತು. ಒಪ್ಪಿದಳು.

ಮಂಗಳವಾರ ರಾತ್ರಿ ಸಂಘದ ವಾಟ್ಸಾಪ್ ಗುಂಪಿನಲ್ಲಿ ಅಧ್ಯಕ್ಷರ ಸಂದೇಶ ಬಂತು. ಹಾವೇರಿಯಿಂದ ಇಂಥ ದೊಡ್ಡ ಡಾಕ್ಟರು ಬರುತ್ತಿರುವುದರಿಂದ ಗಂಡಸರ ಸಂಘದವರನ್ನೂ ಕರೆದು ಜಂಟಿ ಸಭೆ ಮಾಡಲಾಗುವುದು, ಎಲ್ಲರೂ ಯಜಮಾನರೊಂದಿಗೆ ಬರಬೇಕು. ನಾನು ತಲೆಯ ಮೇಲೆ ಕೈ ಇಟ್ಟುಕೊಂಡೆ. ಗಂಡಂದಿರ ಮುಂದೆ ಯಾರು ಬಾಯಿ ತೆರೆಯುತ್ತಾರೆ? ಫೋನು ಮಾಡಿ ಹೇಳಿದೆ.

"ಅಕ್ಕಾರ, ಇದು ಹೆಣ್ಣಮಕ್ಕಳ ವಿಷಯರಿ. ಗಂಡಸರು ಬ್ಯಾಡ್ರಿ."

"ಮಹಿಳೆ ಮತ್ತು ಆರೋಗ್ಯ ಅಂತ ವಿಷಯ ಕೊಟ್ಟೇನಿ. ಅದರಾಗ ಗಂಡಸರು ಕೇಳಬಾರದಂಥಾದ್ದು ಏನೈತಿ? ಕುರ್ಚಿ ಖಾಲಿ ಇದ್ರ ಅತಿಥಿಗೆ ಬೇಜಾರಾಗತೈತಿ," ಎಂದರು. ಅಲ್ಲಿಗೆ ಮಾತು ಮುಗಿಯಿತು.

ಬುಧವಾರ ಸಂಜೆ ಸಭಾಭವನ ತುಂಬಿತು. ಮುಂದೆ ಗಂಡಸರು ಕುರ್ಚಿಯ ಮೇಲೆ, ಹಿಂದೆ ನಾವು. ಕುರ್ಚಿ ಸಾಲದ್ದಕ್ಕೆ ಜಮಖಾನ ಹಾಸಿದ್ದೆವು. ನೆಗೆಣ್ಣಿ ಗೋಡೆಗೆ ಒರಗಿ ಕುಳಿತಳು. ಮೈದುನನೇ ಅವಳನ್ನು ಕಾರಿನಲ್ಲಿ ಕರೆತಂದು ನಮ್ಮ ಮನೆಯವರ ಪಕ್ಕ ಕುಳಿತಿದ್ದ. ಅಧ್ಯಕ್ಷರು ಎಂದಿನಂತೆ ವೇದಿಕೆಯ ಮೇಲೆ ಫ್ಯಾನಿನ ನೇರ ಕೆಳಗೆ ತಮ್ಮ ಕುರ್ಚಿ ಎಳೆಸಿಕೊಂಡರು. ಆ ಜಾಗವನ್ನು ಅವರು ಅತಿಥಿಗೂ ಬಿಟ್ಟುಕೊಟ್ಟವರಲ್ಲ.

ಡಾಕ್ಟರು ಒಳ್ಳೆಯ ಮಾತುಗಾರರು. ಗೋಡೆಯ ಮೇಲೆ ಚಿತ್ರಗಳು ಮೂಡಿದವು. ಸಮತೋಲನ ಆಹಾರ, ರಕ್ತಹೀನತೆ, ಹಾರ್ಮೋನು. ಆಮೇಲೆ ಗರ್ಭಕೋಶದ ಚಿತ್ರ ಬಂತು. ಗಂಡಸರು ಚಾವಣಿ ನೋಡಿದರು, ಒಬ್ಬರು ಫೋನು ತೆಗೆದರು. ಹೆಂಗಸರು ಸೆರಗು ಸರಿಮಾಡಿಕೊಂಡರು. ಗರ್ಭಕೋಶದ ಶಸ್ತ್ರಚಿಕಿತ್ಸೆಗೆ ಒಳಗಾಗುವ ಮುನ್ನ ಎರಡನೆಯ ಅಭಿಪ್ರಾಯ ಪಡೆಯುವುದು ಸೂಕ್ತ ಎಂದು ಡಾಕ್ಟರು ಹೇಳಿದರು. ಬೇಕಾದ ಮಾತು ಅದೇ. ನಾನು ತಿರುಗಿ ನೆಗೆಣ್ಣಿಯನ್ನು ನೋಡಿದೆ. ಅವಳು ಜಮಖಾನದ ಎಳೆಯೊಂದನ್ನು ಉಗುರಿನಿಂದ ಕೀಳುತ್ತಿದ್ದಳು. ಆ ಮಾತು ಅವಳ ತಲೆಯ ಮೇಲಿಂದ ಹಾದುಹೋಗಿತ್ತು. ಗರ್ಭಕೋಶ ಎಂಬುದು ಯಾರಿಗೋ ಇರುವುದು, ಅವಳಿಗಿರುವುದು ಚೀಲ.

"ಪ್ರಶ್ನೆಗಳಿದ್ದರೆ ಕೇಳಿ," ಎಂದರು ಡಾಕ್ಟರು.

ಗಂಡಸರ ಸಂಘದ ಅಧ್ಯಕ್ಷರು ಎದ್ದು ಬಿಪಿಗೆ ಬೆಳ್ಳುಳ್ಳಿ ಒಳ್ಳೆಯದೇ ಎಂದು ಕೇಳಿದರು. ಹಿಂದೆ ಹೆಂಗಸರೆಲ್ಲ ಬಳೆ ನೋಡಿಕೊಳ್ಳುತ್ತ ಕೂತರು. ಶಾಲು ಹೊದಿಸಿದ್ದಾಯಿತು, ಹಣ್ಣಿನ ಬುಟ್ಟಿ ಕೊಟ್ಟದ್ದಾಯಿತು. ನಮ್ಮ ಅಧ್ಯಕ್ಷರು ತಮ್ಮ ಮಾತು ಮುಗಿಸಿ, "ಈಗ ವಂದನಾರ್ಪಣೆ," ಎಂದು ಗಂಟೆಯ ಬಳಿ ಕೈ ಇಟ್ಟುಕೊಂಡು ನನ್ನತ್ತ ನೋಡಿದರು.

ಮೈಕು ಹಿಡಿದು ನಿಂತೆ. ಈ ಮಾತುಗಳು ನನಗೆ ಬಾಯಿಪಾಠ. ತಮ್ಮ ಅಮೂಲ್ಯ ಸಮಯವನ್ನು ಬಿಡುವು ಮಾಡಿಕೊಂಡು ಎಂದು ಶುರುಮಾಡಿದರೆ ಮುಗಿಯುವುದು ತಡವಿಲ್ಲ. ಮುಗಿದ ತಕ್ಷಣ ಗಂಟೆ, ಗಂಟೆಯಾದ ತಕ್ಷಣ ಎಲ್ಲರೂ ಎದ್ದು ಚಪ್ಪಲಿ ಹುಡುಕುತ್ತಾರೆ, ಡಾಕ್ಟರು ಕಾರು ಹತ್ತುತ್ತಾರೆ, ನೆಗೆಣ್ಣಿ ರಾಣೇಬೆನ್ನೂರಿಗೆ, ಅಲ್ಲಿಂದ ಸೋಮವಾರಕ್ಕೆ. ಹಾಗಾದರೆ ನಾನು ಈ ಮಾತನ್ನು ಆಡದಿದ್ದರೆ? ಆಡುವತನಕ ಸಭೆ ಮುಗಿಯುವಂತಿಲ್ಲವಲ್ಲ. ಆ ಕ್ಷಣ ಹೊಳೆದದ್ದು ಇಷ್ಟೇ. ನನ್ನ ಬುದ್ಧಿಯಲ್ಲ, ಯಾರೋ ಕಿವಿಯಲ್ಲಿ ಹೇಳಿದ ಹಾಗಾಯಿತು.

"ವಂದನಾರ್ಪಣೆ ಸ್ವಲ್ಪ ತಡ ಆಗತೈತ್ರಿ," ಎಂದೆ. "ಕೆಳಗ ಮಿರ್ಚಿ ಭಜಿ, ಗಿರ್ಮಿಟ್, ಚಹಾ ತಯಾರೈತಿ. ಮಿರ್ಚಿ ಆರಿದ್ರ ರುಚಿ ಇರಂಗಿಲ್ಲ. ಗಂಡಸರು ಮುಂದ ಇಳೀರಿ. ಹೆಣ್ಣಮಕ್ಕಳು ಒಂಚೂರು ಕುಂದರ್ರಿ."

ಅಧ್ಯಕ್ಷರ ಹುಬ್ಬು ಮೇಲೇರಿತು. "ಏನಿದು? ಇನ್ನೂ ಗಂಟಿ ಬಾರಿಸಿಲ್ಲ ನಾನು."

"ಅದನ್ನ ಹೇಳಾಕತ್ತೇನ್ರಿ ಅಕ್ಕಾರ. ಬಾರಿಸಬ್ಯಾಡ್ರಿ."

ಎಲ್ಲರೂ ನಕ್ಕರು. ಅವರು ನಗಲಿಲ್ಲ. ಗಂಡಸರ ಸಂಘದ ಅಧ್ಯಕ್ಷರೇ ಎದ್ದು, "ಮಿರ್ಚಿ ಅಂದಮ್ಯಾಲ ಗಂಟಿ ಯಾಕ ಬೇಕ್ರಿ?" ಎಂದು ಮೆಟ್ಟಿಲ ಕಡೆ ನಡೆದರು. ಒಬ್ಬರ ಹಿಂದೊಬ್ಬರು ಇಳಿದರು. ನಮ್ಮ ಮನೆಯವರು ಹೋಗುವಾಗ ನನ್ನನ್ನೊಮ್ಮೆ ನೋಡಿ, ಏನೋ ಅರ್ಥವಾದವರಂತೆ ಮೈದುನನ ಹೆಗಲ ಮೇಲೆ ಕೈ ಹಾಕಿ ಅವನನ್ನೂ ಎಳೆದುಕೊಂಡು ಹೋದರು. ಆ ಮನುಷ್ಯನಿಗೆ ಅಷ್ಟು ಹೊತ್ತಿಗೆ ಅಷ್ಟು ಬುದ್ಧಿ ಕೊಟ್ಟದ್ದೂ ಒಂದು ದಯೆಯೇ.

ಬಾಗಿಲು ಹಾಕಿ, ಮೈಕು ಆರಿಸಿದೆ.

"ಬಾಯಾರ, ನೀವು ಗರ್ಭಕೋಶ ಅಂದ್ರಿ. ಅದಕ್ಕ ನಮ್ಮ ಕಡೆ ಚೀಲ ಅಂತೇವ್ರಿ. ಚೀಲ ತಗಸೂದು."

"ಗೊತ್ತು, ಪೇಷಂಟುಗಳು ಹೇಳ್ತಾರೆ. ಅದೊಂದು ಹೆಸರು, ಅಷ್ಟೇ ಅಲ್ವಾ?"

ಮಸಾಲೆ ಗಿರಣಿಯ ಚಾಚಿ ಅಲ್ಲಿಯವರೆಗೆ ಸುಮ್ಮನಿದ್ದರು. ಖಾರದ ಪುಡಿಯ ಗಿರಣಿ ನಡೆಸುವ ಹಿರಿಯರು, ನಮ್ಮ ಸಂಘದಲ್ಲಿ ಯಾರಿಗೂ ಹೆದರದವರು ಅವರೊಬ್ಬರೇ.

"ಬರೇ ಹೆಸರಲ್ರಿ ಡಾಕ್ಟರ್ ಬಾಯಿ," ಎಂದರು. "ಮಾಲು ಖಾಲಿ ಆದಮ್ಯಾಲ ಚೀಲ ಏನ್ ಮಾಡ್ತಾರ? ಝಾಡಿಸಿ ಒಗೀತಾರ. ಮಕ್ಕಳು ಹೊರಗ ಬಂದ್ರು, ಮಾಲು ಖಾಲಿ. ನಂದೂ ಹಂಗ ಝಾಡಿಸಿ ಒಗದಾರ. ಖಾಲಿ ಚೀಲಕ್ಕ ಬಾಡಿಗಿ ಯಾಕ ಕಟ್ಟಬೇಕು ಅಂದ್ರು ನಮ್ಮವರು, ಅಲ್ಲಾ ಅವರನ್ನ ಚಂದ ಇಟ್ಟಿರ್ಲಿ."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

ಡಾಕ್ಟರು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರು. ಹೆಗಲ ಮೇಲಿದ್ದ ಹೊಸ ಶಾಲು ತೆಗೆದಿಟ್ಟು, ವೇದಿಕೆ ಇಳಿದು ಬಂದು ಜಮಖಾನದ ಮೇಲೆ ನಮ್ಮ ನಡುವೆ ಕುಳಿತರು. "ಇಷ್ಟು ವರ್ಷದಿಂದ ಈ ಮಾತು ಕೇಳ್ತಾ ಇದೀನಿ. ಅದರ ಹಿಂದೆ ಇಂಥಾ ಲೆಕ್ಕ ಇದೆ ಅಂತ ನನಗೆ ಹೊಳೆದಿರಲಿಲ್ಲ," ಎಂದರು. "ನಿಮ್ಮಲ್ಲಿ ಯಾರಿಗೆಲ್ಲ ತೆಗೆದಿದ್ದಾರೆ? ಹೇಳಬೇಕು ಅನ್ನಿಸಿದವರು ಹೇಳಿ. ಇಲ್ಲದಿದ್ದರೆ ಬೇಡ."

ಮೊದಲು ಚಾಚಿ ಕೈ ಎತ್ತಿದರು. ಆಮೇಲೆ ಇನ್ನೊಂದು ಕೈ, ಮತ್ತೊಂದು. ನಾನು ಎಣಿಸಲಿಲ್ಲ, ಎಣಿಸುವ ಧೈರ್ಯವಾಗಲಿಲ್ಲ. ಎಲ್ಲರೂ ಒಬ್ಬರನ್ನೊಬ್ಬರು ತಿರುಗಿ ನೋಡುತ್ತಿದ್ದರು. ವಾರ ವಾರ ಜೊತೆಗೆ ಕೂ‌ತವರಿಗೆ ನಮ್ಮಲ್ಲೇ ಇಷ್ಟೊಂದು ಮಂದಿ ಎಂದು ಗೊತ್ತಿರಲಿಲ್ಲ.

"ತೆಗೆಯಲೇಬೇಕಾದ ಸಂದರ್ಭಗಳಿವೆ. ನಾನೇ ತೆಗೆದಿದ್ದೀನಿ," ಎಂದರು ಡಾಕ್ಟರು. "ಆದರೆ ಮಕ್ಕಳಾದವು, ಇನ್ನು ಅದಕ್ಕೆ ಕೆಲಸ ಇಲ್ಲ ಅನ್ನೋದು ಕಾರಣ ಅಲ್ಲ. ಅದು ಚೀಲ ಅಲ್ಲಮ್ಮಾ, ಮೈಯೊಳಗಿನ ಜೀವ ಇರೋ ಭಾಗ. ಎಷ್ಟೋ ಸಲ ಅದರ ಜೊತೆ ಅಂಡಾಶಯಾನೂ ತೆಗೀತಾರೆ. ಆಗ ಚಿಕ್ಕ ವಯಸ್ಸಿಗೇ ಮುಟ್ಟು ನಿಂತವರ ಹಾಗೆ ಆಗುತ್ತೆ. ಮೂಳೆ ಸವೆಯುತ್ತೆ, ಇದ್ದಕ್ಕಿದ್ದ ಹಾಗೆ ಮೈ ಬಿಸಿ ಏರುತ್ತೆ, ಬೆವರುತ್ತೆ."

"ಬಿಸಿ ಏರತೈತೇನ್ರಿ?"

ವೇದಿಕೆಯ ಮೇಲಿಂದ ಬಂದ ದನಿ ಅದು. ನಾವೆಲ್ಲ ಅಧ್ಯಕ್ಷರು ಇನ್ನೂ ಅಲ್ಲಿ ಕುಳಿತಿದ್ದನ್ನೇ ಮರೆತಿದ್ದೆವು. ಅವರ ಕೈ ಇನ್ನೂ ಗಂಟೆಯ ಮೇಲಿತ್ತು.

"ನನಗ ಮೂವತ್ತರಾಗ ತಗದ್ರು," ಎಂದರು. "ಯಾಕಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆವತ್ತಿಂದ ಮೈಯಾಗ ಉರಿ. ಚಳಿಗಾಲದಾಗೂ ಫ್ಯಾನ್ ಬೇಕು. ಅದಕ್ಕ ನಾ ಇಲ್ಲೇ ಕುಂದರೂದು. ನೀವೆಲ್ಲ ನನ್ನ ದಿಮಾಕು ಅಂತ ಅಂದ್ಕೊಂಡೀರಿ."

ಅಂದುಕೊಂಡದ್ದು ನಿಜ. ಚಾಚಿ, "ಕೆಳಗ ಬಾರವಾ, ಇಲ್ಲೂ ಗಾಳಿ ಬರತೈತಿ," ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿದರು. ಅಧ್ಯಕ್ಷರು ಇಳಿದು ಬಂದು ಕುಳಿತರು.

ಆಗ ಗೋಡೆಯ ಹತ್ತಿರದಿಂದ, ನೆಲ ನೋಡುತ್ತಲೇ, ನನ್ನ ನೆಗೆಣ್ಣಿ ಮಾತಾಡಿದಳು. "ನನಗ ಸೋಮವಾರ ಐತ್ರಿ."

ಇಷ್ಟು ದಿನ ನಾನು ಕಾದದ್ದು ಆ ಮೂರು ಶಬ್ದಗಳಿಗೆ. ಡಾಕ್ಟರು ನಿಧಾನವಾಗಿ ಒಂದೊಂದೇ ಕೇಳಿದರು. ಸ್ಕ್ಯಾನ್ ಆಗಿದೆಯೇ? ಆಗಿದೆ. ರಕ್ತ ಎಷ್ಟಿದೆ? ಕಡಿಮೆ ಎಂದಿದ್ದಾರೆ. ಥೈರಾಯ್ಡ್ ನೋಡಿದ್ದಾರೆಯೇ? ಗೊತ್ತಿಲ್ಲ. ಮೈ ಊದುತ್ತದೆಯೇ, ಕೂದಲು ಉದುರುತ್ತದೆಯೇ, ಸದಾ ಮಂಪರು ಬರುತ್ತದೆಯೇ? ಅವಳು ಪ್ರತಿಯೊಂದಕ್ಕೂ ಹೌದು ಹೌದು ಎಂದಳು. ಅದೆಲ್ಲ ವಯಸ್ಸಿನದು ಎಂದುಕೊಂಡಿದ್ದಳಂತೆ.

"ಶುಕ್ರವಾರ ಎಲ್ಲಾ ಕಾಗದ ತಗೊಂಡು ಬನ್ನಿ. ತೆಗೀಬೇಕು ಅಂತ ಕಂಡರೆ ನಾನೇ ಹೇಳ್ತೀನಿ, ತೆಗೆಸ್ಕೊಳ್ಳಿ ಅಂತ," ಎಂದರು ಡಾಕ್ಟರು.

ಬಾಗಿಲು ಬಡಿದ ಸದ್ದಾಯಿತು. ಹೊರಗಿನಿಂದ ಮೈದುನನ ದನಿ. "ವೈನಿ, ಕತ್ತಲಾತ್ರಿ. ಇನ್ನೂ ಮುಗೀಲಿಲ್ಲೇನ್ರಿ ನಿಮ್ಮ ವಂದನಾರ್ಪಣೆ?"

"ಇನ್ನೊಂದ್ ಪ್ಲೇಟ್ ಮಿರ್ಚಿ ತಿನ್ನು ಹೋಗಪಾ!" ಎಂದು ಚಾಚಿ ಒಳಗಿನಿಂದಲೇ ಕೂಗಿದರು.

ಕೊನೆಗೆ ವಂದನಾರ್ಪಣೆ ಮಾಡಿದೆ. ಅಮೂಲ್ಯ ಸಮಯ, ಬಿಡುವು ಎಲ್ಲ ಮರೆತುಹೋಗಿತ್ತು. "ಬಾಯಾರಿಗೆ ಶರಣ್ರಿ," ಎಂದಷ್ಟೇ ಅಂದು ಕೈ ಮುಗಿದೆ. ಅಧ್ಯಕ್ಷರು ಎದ್ದು ಹೋಗಿ ಗಂಟೆ ಬಾರಿಸಿದರು.

ಶುಕ್ರವಾರ ಹಾವೇರಿಗೆ ತೋರಿಸಲು ಹೋಗೋಣ ಎಂದಾಗ ಮೆಟ್ಟಿಲ ಮೇಲೆಯೇ ಮೈದುನ ಅಡ್ಡ ಮಾತಾಡಿದ. ಅವನು ಕೆಟ್ಟವನಲ್ಲ. ಹೆಂಡತಿ ದಿನಾ ಸೊರಗುತ್ತಿರುವುದನ್ನು ಕಂಡು ಹೆದರಿದ್ದ, ಬೇಗ ಒಂದು ದಾರಿ ಹುಡುಕಿ ಮುಗಿಸಬೇಕೆಂದಿದ್ದ. "ಸೋಮವಾರ ಅಂಗಡಿ ಬಂದ್ ಇಡಾಕ ಎಲ್ಲಾ ಗೊತ್ತ ಮಾಡೇನ್ರಿ ವೈನಿ. ಮುಂದ ಹಾಕಿದ್ರ ಬಿತ್ತಗಿ ಬಂತು, ಆಮ್ಯಾಲ ನನಗ ಉಸುರು ಬಿಡಾಕ ಪುರಸೊತ್ತಿಲ್ಲ. ಅಷ್ಟೆಲ್ಲ ಓದಿದ ಡಾಕ್ಟರ್ರು ಸುಳ್ಳ ಹೇಳ್ತಾರೇನು?"

ಅವನಿಗೆ ನೆಗೆಣ್ಣಿಯೇ ಹೇಳಿದಳು.

"ಸುಳ್ಳಂತ ಯಾರ ಅಂದ್ರು? ನೀವು ಒಂದ ಹಿಡಿ ಬೀಜ ಮಾರಬೇಕಾದ್ರ ಒದ್ದಿ ಅರಿವ್ಯಾಗ ಕಟ್ಟಿಟ್ಟು, ಮೊಳಕಿ ಬರತೈತೋ ಇಲ್ಲೋ ನೋಡ್ತೀರಿ. ನನಗ ಒಂದ ಟೆಸ್ಟ್ ಬ್ಯಾಡೇನ್ರಿ?"

ಮದುವೆಯಾಗಿ ಬಂದ ಮೇಲೆ ಅವಳು ಗಂಡನೆದುರು ನಾಲ್ಕು ಜನರ ಮುಂದೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮೈದುನ ಕಾರಿನ ಕೀಲಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ಶುಕ್ರವಾರ ಎಷ್ಟೊತ್ತಿಗೆ ಹೋಗಬೇಕು?" ಎಂದ.

ಶುಕ್ರವಾರ ಮೂವರೂ ಹಾವೇರಿಗೆ ಹೋದೆವು. ಡಾಕ್ಟರು ಹಳೆಯ ಸ್ಕ್ಯಾನ್ ನೋಡಿದರು, ತಾವೂ ಒಮ್ಮೆ ಪರೀಕ್ಷೆ ಮಾಡಿದರು, ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಹೊರಗೆ ಬೆಂಚಿನ ಮೇಲೆ ಕುಳಿತು ಬೆರಳ ಗೆಣ್ಣುಗಳಲ್ಲಿ ಪಂಚಾಕ್ಷರಿ ಜಪ ಮಾಡಿದೆ. ಮೈದುನ ಬಾಗಿಲ ಮುಂದೆ ಅತ್ತಿಂದಿತ್ತ ಓಡಾಡಿದ. ಮರುದಿನ ರಿಪೋರ್ಟು ಬಂತು. ಗರ್ಭಕೋಶದಲ್ಲಿ ಒಂದು ಸಣ್ಣ ಗಡ್ಡೆ ಇತ್ತು. ಅದು ಅವಸರದ್ದಲ್ಲ, ನೋಡುತ್ತ ಇರಬಹುದು. ಥೈರಾಯ್ಡ್ ಬಹಳ ಕೆಟ್ಟಿತ್ತು. ಅಷ್ಟು ರಕ್ತ ಹೋಗಲು ಅದೂ ದೊಡ್ಡ ಕಾರಣ ಎಂದರು ಡಾಕ್ಟರು. ಅದಕ್ಕೆ ಗುಳಿಗೆ, ರಕ್ತ ಹೆಚ್ಚಲು ಗುಳಿಗೆ, ಸ್ರಾವ ಹಿಡಿತಕ್ಕೆ ತರಲು ಇನ್ನೊಂದು.

"ಕೆಲವು ತಿಂಗಳು ನೋಡೋಣ. ಕಡಿಮೆ ಆಗದಿದ್ದರೆ ಮತ್ತೆ ತೆಗೆಯೋ ಮಾತಾಡೋಣ. ಆದರೆ ಆಗ ಯಾಕೆ ತೆಗೀತಿದ್ದಾರೆ ಅಂತ ನಿಮಗೆ ಗೊತ್ತಿರುತ್ತೆ," ಎಂದರು.

ಗುಳಿಗೆಗಳು ಒಮ್ಮೆಗೇ ಕೆಲಸ ಮಾಡಲಿಲ್ಲ. ನಡುವೆ ಒಂದು ತಿಂಗಳು ಅವಳು ಹಾಸಿಗೆ ಹಿಡಿದಳು. ಆ ಬುಧವಾರ ನಾನು ತಪ್ಪು ಮಾಡಿದೆನೋ ಎಂದು ನನಗೆ ಅನ್ನ ಸೇರಲಿಲ್ಲ. ಆಮೇಲೆ ಸ್ರಾವ ನಿಧಾನವಾಗಿ ಇಳಿಯಿತು. ಸಂಕ್ರಾಂತಿಯ ಹೊತ್ತಿಗೆ ನಮ್ಮ ಮನೆಯ ಮಹಡಿ ಹತ್ತಿ ಬಂದು, "ಅಕ್ಕಾ, ಎದಿ ಹೊಡ್ಕೊಳ್ಳಲಿಲ್ಲ ನೋಡ್ರಿ," ಎಂದಳು. ನಮ್ಮ ಸಂಘದಲ್ಲೂ ತಿಂಗಳಿಗೊಂದು ಬುಧವಾರ ಬಾಗಿಲು ಹಾಕಿಕೊಂಡು ಕೂಡುವುದು ರೂಢಿಯಾಯಿತು. ಅದೆಲ್ಲ ಮುಂದಿನ ಮಾತು.

ಆ ಸೋಮವಾರ, ಅವಳು ಆಸ್ಪತ್ರೆಯಲ್ಲಿ ಇರಬೇಕಾಗಿದ್ದ ದಿನ, ಅವಳ ಹತ್ತಿರ ಕೂಡಲು ನಾನು ನನ್ನ ಮನೆಗೆಲಸವನ್ನೆಲ್ಲ ಮುಂದಕ್ಕೆ ಹಾಕಿಟ್ಟಿದ್ದೆ. ಆಸ್ಪತ್ರೆ ತಪ್ಪಿತು, ಕೆಲಸ ತಪ್ಪಲಿಲ್ಲ. ಮಹಾನವಮಿ ಹಬ್ಬದ ಮೊದಲ ದಿನ ದೇವರ ಘಟ ಹಾಕುವುದರೊಳಗೆ ಮನೆಯಲ್ಲಿ ಹೊದೆಯುವ ಕೌದಿಗಳನ್ನೆಲ್ಲ ಒಗೆಯಬೇಕಿತ್ತು. ಬಿಸಿಲು ಚೆನ್ನಾಗಿತ್ತು. ಹಿತ್ತಲ ಕಲ್ಲಿನ ಮೇಲೆ ಮೊದಲ ಕೌದಿ ಕುಕ್ಕಿ ಮುಗಿಸುವ ಹೊತ್ತಿಗೆ ನೆಗೆಣ್ಣಿ ರೈಲಿಗೆ ಬಂದಳು. ಮೈದುನ ಅಂಗಡಿ ಬಂದ್ ಇಡಲು ಗೊತ್ತು ಮಾಡಿದ್ದನಲ್ಲ, ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡು ಅವನೇ ಇದ್ದನಂತೆ.

ನೀರು ಕುಡಿದ ಕೌದಿಯನ್ನು ಒಬ್ಬರೇ ಹಿಂಡಲಾಗದು. ಅವಳು ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ನೀ ಹಿಡೀಬ್ಯಾಡವಾ, ಭಾರ ಐತಿ," ಎಂದೆ.

"ಯಾಕ್ರಿ? ನನಗೇನ್ ಹೊಟ್ಟಿಗೆ ಹೊಲಿಗಿ ಹಾಕ್ಯಾರೇನು?" ಎಂದಳು. "ಸಾಕಾದ್ರ ನಾನ ಹೇಳ್ತೇನಿ."

ಒಂದು ತುದಿ ಅವಳ ಕೈಗೆ ಕೊಟ್ಟೆ. ಅವಳು ಒಂದು ಕಡೆ ತಿರುವಿದಳು, ನಾನು ಇನ್ನೊಂದು ಕಡೆ. ನೀರು ಇಬ್ಬರ ಪಾದದ ಮೇಲೂ ಸುರಿಯಿತು. ಕೌದಿಯನ್ನು ಗೋಡೆಯ ಮೇಲೆ ಹರವಿ, ಅವಳನ್ನು ನೆರಳಿಗೆ ಕೂಡಿಸಿ, ಮುಂದಿನದನ್ನು ನೀರಿನ ಬಾನಿಯಲ್ಲಿ ನೆನೆಹಾಕಿದೆ.